ಪುಕ್ಕಟೆ ವಿದ್ಯೆಗೂ ಒಂದು ಬೆಲೆ ಇದೆ

ಈಗ ವಿದ್ಯೆ ಪುಕ್ಕಟೆ ಅಂತಾರೆ. ಕೈಯಲ್ಲಿ ಮೊಬೈಲಿದ್ದರೆ ಸಾಕು, ಐಐಟಿ ಮೇಷ್ಟ್ರ ಪಾಠ ಹಟ್ಟಿಯ ಜಗುಲಿಗೇ ಬರುತ್ತೆ ಅಂತಾರೆ. ಸುಳ್ಳಲ್ಲ, ಬರುತ್ತೆ. ಆದರೆ ಪುಕ್ಕಟೆ ಅನ್ನೋ ಮಾತನ್ನು ನಾವು ಮೊದಲ ಸಲ ಕೇಳ್ತಾ ಇಲ್ಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಫೀಸಿಲ್ಲದ ವಿದ್ಯೆಗೆ ದೊಡ್ಡ ಚರಿತ್ರೆಯೇ ಇದೆ. ಅದನ್ನು ತಿರುವಿ ನೋಡದೆ ಇವತ್ತಿನ ಪುಕ್ಕಟೆಯನ್ನು ಅಳೆಯೋಕಾಗಲ್ಲ.

ಈ ಬಡಾವಣೆಗಳು ಹುಟ್ಟಿದ್ದು 1890ರ ದಶಕದಲ್ಲಿ. 1898ರ ಪ್ಲೇಗಿಗೆ ಹೆದರಿ ಹಳೇ ಪೇಟೆ ಬಿಟ್ಟ ಜನ ಇಲ್ಲಿ ಬಂದು ನೆಲೆ ನಿಂತರು. ಅಗಲ ರಸ್ತೆ, ಗಾಳಿ, ಬೆಳಕು ಎಲ್ಲಾ ಇತ್ತು. ನಿವೇಶನ ಹಂಚುವಾಗ ಮಾತ್ರ ಜಾತಿ ನೋಡಿಯೇ ಭಾಗ ಮಾಡಿದರು. ಊರು, ಕೇರಿ ಅನ್ನೋ ಹಳೇ ಗೆರೆ ಹೊಸ ನಕ್ಷೆಯೊಳಗೂ ಬಂತು. ಮುಂದೆ ಸಭಾಂಗಣ, ಪುಸ್ತಕ ಭಂಡಾರ, ಉಪನ್ಯಾಸ ಎಲ್ಲಾ ಬೆಳೆದದ್ದು ಈ ನಕ್ಷೆಯ ಮೇಲೆಯೇ.

1915ನ್ನು ನೆನಪಿಟ್ಟುಕೊಳ್ಳಬೇಕು. ಆ ವರ್ಷ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ಜಾತಿಯ ಕಾರಣಕ್ಕೆ ಯಾರಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚಕೂಡದು ಅಂತ ಮೈಸೂರು ಸರ್ಕಾರ ಆಜ್ಞೆ ಮಾಡಿದ್ದೂ ಅದೇ ವರ್ಷ. ಆಜ್ಞೆಯೇನೋ ಬಂತು. ಪಂಚಮರ ಮಕ್ಕಳು ಒಳಗೆ ಬಂದ ಕಡೆ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿಕೊಂಡು ಹೋದರು. ಬಾಗಿಲು ತೆಗೆಯೋದು ಬೇರೆ, ಪಕ್ಕದಲ್ಲಿ ಕೂರಿಸಿಕೊಳ್ಳೋದು ಬೇರೆ. ಈ ಪಾಠ ಅವತ್ತೇ ಆಗಿತ್ತು.

1945ರಲ್ಲಿ ಬಸವನಗುಡಿಯಲ್ಲಿ ಎರಡು ಸಂಸ್ಥೆ ಎದ್ದವು. ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು, ಬಿ.ಪಿ. ವಾಡಿಯಾ ಅವರು ವಿಶ್ವ ಸಂಸ್ಕೃತಿ ಸಂಸ್ಥೆ ಕಟ್ಟಿದರು. ರಾಜಕೀಯ, ಅರ್ಥಶಾಸ್ತ್ರ, ಕಾವ್ಯ, ವೇದಾಂತ, ಎಲ್ಲದರ ಮೇಲೂ ಅಲ್ಲಿ ಮಾತು ನಡೆದವು. ಇತ್ತ ಚಾಮರಾಜಪೇಟೆಯ ಪರಿಷತ್ತು ಕಾವ, ಜಾಣ, ರತ್ನ ಪರೀಕ್ಷೆ ನಡೆಸಿತು. ಕಾಲೇಜಿನ ಮೆಟ್ಟಿಲು ಹತ್ತದವನೂ ಮನೆಯಲ್ಲೇ ಓದಿ ಕಟ್ಟಬಹುದಾದ ಪರೀಕ್ಷೆ ಅದು. ಇವೆಲ್ಲಾ ಸಣ್ಣ ಕೆಲಸ ಅಲ್ಲ.

ಇವರ ಸಾಲಿನಲ್ಲಿ ನಮಗೆ ಹತ್ತಿರದವರು ಹೆಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಹುಡುಗ. ತಾಯಿ ಕೂಲಿ ಮಾಡಿದವರು. ಓದಬೇಕು ಅಂತ 1935ರಲ್ಲಿ ಊರಿಂದ ಬೆಂಗಳೂರಿಗೆ ನಡೆದೇ ಬಂದರು, ಸುಮಾರು 85 ಕಿಲೋಮೀಟರ್. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಅಮೆರಿಕಕ್ಕೆ ಹೋಗಿ ಪರಮಾಣು ವಿಜ್ಞಾನದಲ್ಲಿ ಡಾಕ್ಟರೇಟ್ ತಂದರು. ಅಲ್ಲೇ ನಿಲ್ಲಲಿಲ್ಲ. ಮತ್ತೆ ನ್ಯಾಷನಲ್ ಕಾಲೇಜಿಗೇ ಬಂದು ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬದುಕು ಕಳೆದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಶುರುವಾಯಿತು. ಬುಧವಾರ ಬುಧವಾರ ಸಂಜೆ ವಿಜ್ಞಾನಿಗಳು ಬಂದು ಮಾತಾಡೋರು. ಟಿಕೆಟ್ಟಿಲ್ಲ, ಮಾರ್ಕ್ಸ್ ಕಾರ್ಡು ಕೇಳೋರಿಲ್ಲ. ಯಾರು ಬೇಕಾದರೂ ಕೂತು ಕೇಳಬಹುದು, ಎದ್ದು ನಿಂತು ಪ್ರಶ್ನೆ ಹಾಕಬಹುದು. 1976ರಲ್ಲಿ ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡ ಪರೀಕ್ಷೆಗೆ ಸಮಿತಿ ಮಾಡಿದ್ದೂ ಇದೇ ಮನುಷ್ಯ. ಪ್ರಶ್ನೆ ಕೇಳೋದನ್ನು ಕಲಿಸದ ವಿದ್ಯೆ ವಿದ್ಯೆಯೇ ಅಲ್ಲ ಅಂತ ನಂಬಿದ್ದರು.

ಆದರೂ ಒಂದು ಮಾತು ಕೇಳಲೇಬೇಕು. ಬುಧವಾರ ಸಂಜೆ ಬಸವನಗುಡಿಯಲ್ಲಿ ಬಿಡುವಾಗಿ ಕೂರೋಕೆ ಯಾರಿಗೆ ಆಗ್ತಿತ್ತು? ಗಾರೆ ಕೆಲಸ ಮುಗಿಸಿ ಕೈ ತೊಳೆಯೋ ಹೊತ್ತದು. ಫೀಸು ಕಟ್ಟಬೇಕಾಗಿರಲಿಲ್ಲ ನಿಜ. ಹೊತ್ತು ಕಟ್ಟಬೇಕಿತ್ತು, ಬಸ್ ಚಾರ್ಜು ಕಟ್ಟಬೇಕಿತ್ತು, ಆ ಬೀದಿಯಲ್ಲಿ ಹಿಂಜರಿಯದೆ ನಡೆಯೋ ಧೈರ್ಯ ಕಟ್ಟಬೇಕಿತ್ತು.

ಮಲ್ಲೇಶ್ವರದ ಮಗ್ಗುಲಲ್ಲೇ, ರೈಲುಹಳಿಯ ಆಚೆಗೆ, ಶ್ರೀರಾಮಪುರ. ಮಾಗಡಿ ಸೀಮೆಯ ಮಂಚನಬೆಲೆಯಿಂದ ಬಂದ ಸಿದ್ಧಲಿಂಗಯ್ಯನವರು ಬೆಳೆದದ್ದು ಅಲ್ಲಿನ ದಲಿತ ಕೇರಿಯಲ್ಲಿ. ಗದ್ದಲದ ಕೇರಿಯಲ್ಲಿ ಕೂತು ಓದೋಕೆ ತಾವಿಲ್ಲ. ಹುಡುಗ ಸ್ಮಶಾನಕ್ಕೆ ಹೋಗಿ ಓದಿದ. ಅವರ ಆತ್ಮಕಥೆ 'ಊರುಕೇರಿ'ಯಲ್ಲಿ ಆ ಸ್ಮಶಾನ ಇದೆ. ಸ್ಮಶಾನವೂ ಪುಕ್ಕಟೆಯೇ. ಅಲ್ಲಿ ಯಾರೂ ಜಾತಿ ಕೇಳಲಿಲ್ಲ.

ಇನ್ನು ಏನು ಕಲಿಯಬೇಕು ಅನ್ನೋದನ್ನು ತೀರ್ಮಾನಿಸೋರು ಯಾರು? 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂತ ಕೇಳಿದರೆ ಪರಿಷತ್ತು ಒಪ್ಪಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ತಮ್ಮದೇ ಸಮಾವೇಶ ಮಾಡಿದರು. ಕೇಳೋಕೆ ಬನ್ನಿ, ವಿಷಯ ಮಾತ್ರ ನಾವೇ ಗೊತ್ತುಮಾಡ್ತೀವಿ ಅನ್ನೋ ಔದಾರ್ಯ ಅರ್ಧ ಔದಾರ್ಯ. ಈ ಚಳವಳಿ ಊರೂರಲ್ಲಿ ಅಧ್ಯಯನ ಶಿಬಿರ ನಡೆಸಿದ್ದು ಇದಕ್ಕೇ. ಅಂಬೇಡ್ಕರರನ್ನು ಓದಿದ್ದು ಅಲ್ಲಿ, ವಿಷಯ ಆರಿಸಿಕೊಂಡಿದ್ದೂ ನಾವೇ.

ಈಗ ಮೊಬೈಲಿನ ಕಾಲ. 2003ರಲ್ಲಿ ಏಳು ಐಐಟಿಗಳೂ ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟೆಲ್ ಅನ್ನೋ ಪಾಠಮಾಲೆ ಶುರುಮಾಡಿದವು. ಕನ್ನಡ ವಿಕಿಪೀಡಿಯ ಹುಟ್ಟಿದ್ದೂ ಅದೇ ವರ್ಷ. 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ಬಂತು. ತತ್ವಶಾಸ್ತ್ರ, ಗಣಿತ, ಕಾನೂನು, ಬೇಸಾಯ, ಬೇಕಾದ್ದನ್ನು ಕೇಳಬಹುದು. ನೋಡೋಕೆ ಕಾಸಿಲ್ಲ; ಎನ್‌ಪಿಟೆಲ್ ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ 2024ರಲ್ಲಿ ಸಾವಿರ ರೂಪಾಯಿ, ಪರಿಶಿಷ್ಟರಿಗೆ ಐನೂರು. ಕೆಲವು ಪಾಠ ಕನ್ನಡಕ್ಕೂ ಬಂದಿವೆ. ಬಹುಪಾಲು ಇನ್ನೂ ಇಂಗ್ಲಿಷಿನಲ್ಲೇ ಇವೆ.

2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಟರ್ನೆಟ್ ಇದ್ದ ಮನೆ ನೂರಕ್ಕೆ ಹದಿನೈದು, ಕಂಪ್ಯೂಟರ್ ಇದ್ದ ಮನೆ ನಾಲ್ಕೂ ಚಿಲ್ಲರೆ. ಎರಡೇ ವರ್ಷಕ್ಕೆ, 2020ರಲ್ಲಿ, ಕೊರೋನಾ ಬಂದು ಶಾಲೆ ಮುಚ್ಚಿದವು. ಪಾಠ ಮೊಬೈಲಿಗೆ ಹೋಯಿತು. ಅಪ್ಪ ಕೆಲಸಕ್ಕೆ ಹೊರಟರೆ ಮೊಬೈಲೂ ಅವನ ಜೊತೆ ಹೋಗ್ತಿತ್ತು. ಮೇಷ್ಟ್ರುಗಳು ವಿದ್ಯಾಗಮ ಅಂತ ಊರಿನ ಗುಡಿ ಅಂಗಳ, ಮರದ ನೆರಳಿಗೆ ಹೋಗಿ ಪಾಠ ಹೇಳಿದರು. ಆ ಅಂಗಳಕ್ಕೆ ಯಾವ ಮಗು ಕಾಲಿಡಬಹುದು, ಯಾವುದು ಇಡಬಾರದು ಅನ್ನೋದು ಹಳ್ಳಿ ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಂತ ಇದನ್ನು ಬೇಡ ಅನ್ನೋದು ದಡ್ಡತನ. 85 ಕಿಲೋಮೀಟರ್ ನಡೆದು ಬಂದು ಪಡೆದದ್ದು ಈಗ ಅಂಗೈಗೆ ಬಂದಿದ್ದರೆ ಅದನ್ನು ಬಿಡಬಾರದು. ಆದರೆ ಒಬ್ಬೊಬ್ಬರೇ ಕೇಳಿದರೆ ಅರ್ಥವಾಗದ ಕಡೆ ಬಿಟ್ಟು ಎದ್ದುಬಿಡ್ತೀವಿ. ಹಾಸ್ಟೆಲಿನಲ್ಲಿ, ಶಾಲೆಯಲ್ಲಿ, ಕೇರಿಯ ಅಂಬೇಡ್ಕರ್ ಭವನದಲ್ಲಿ ವಾರಕ್ಕೊಂದು ಸಂಜೆ ಹತ್ತು ಜನ ಸೇರಲಿ. ಕೂಲಿ ಮುಗಿದ ಮೇಲಿನ ಹೊತ್ತೇ ಆಗಲಿ. ಒಂದು ಪಾಠ ಹಾಕಿ, ಅಲ್ಲಲ್ಲಿ ನಿಲ್ಲಿಸಿ, ಇಂಗ್ಲಿಷ್ ಬಲ್ಲವರು ಕನ್ನಡದಲ್ಲಿ ಬಿಡಿಸಿ ಹೇಳಲಿ. ಮುಂದಿನ ವಾರದ ವಿಷಯ ಯಾವುದು ಅನ್ನೋದನ್ನು ಆ ಹತ್ತು ಜನರೇ ಗೊತ್ತುಮಾಡಲಿ.