ನಿಮ್ಮ ಡೇಟಾ ಎಲ್ಲೆಲ್ಲಿದೆ? ಮೊದಲು ಪಟ್ಟಿ ಕೇಳಿ

ಲಕ್ಷ ಪುಸ್ತಕ ಇರೋ ಗ್ರಂಥಾಲಯದಲ್ಲಿ ಸೂಚಿಯೇ ಇಲ್ಲದಿದ್ರೆ ಆ ಪುಸ್ತಕಗಳು ಇದ್ದೂ ಇಲ್ಲದ ಹಾಗೆ. ಕಂಪನಿ, ಸರ್ಕಾರಿ ಇಲಾಖೆಗಳ ಡೇಟಾ ಕಥೆಯೂ ಅದೇ. ಅಲ್ಲಿ ಬೇಕಾದ ಸೂಚಿಯ ಹೆಸರು ಡೇಟಾ ಕ್ಯಾಟಲಾಗ್.

ಅದರಲ್ಲಿ ಏನಿರುತ್ತೆ?

ಡೇಟಾ ಇರಲ್ಲ, ಡೇಟಾ ಬಗೆಗಿನ ವಿವರ ಇರುತ್ತೆ. ಯಾವ ಕಾಲಂಗೆ ಏನರ್ಥ, ಹೊಣೆ ಯಾರದ್ದು, ಮಾಹಿತಿ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ, ಯಾವುದು ಖಾಸಗಿ, ಯಾರು ನೋಡಬಹುದು. ಇದಕ್ಕೆ ಉಚಿತ ಸಾಫ್ಟ್‌ವೇರ್‌ಗಳೂ ಇವೆ: ಲಿಫ್ಟ್ ಕಂಪನಿ 2019ರಲ್ಲಿ ಅಮುಂಡ್‌ಸೆನ್, ಲಿಂಕ್ಡ್‌ಇನ್ 2020ರಲ್ಲಿ ಡೇಟಾಹಬ್ ಅನ್ನು ಓಪನ್ ಸೋರ್ಸ್ ಮಾಡಿದವು.

ಆಡಳಿತಕ್ಕೆ ಯಾಕೆ ಬೇಕು?

'ಫೋನ್ ನಂಬರ್ ಎರಡು ವರ್ಷಕ್ಕೆ ಅಳಿಸಿ' ಅಂತ ನಿಯಮ ಬರೆಯೋದು ಸುಲಭ. ಆ ನಂಬರ್ ಎಷ್ಟು ಟೇಬಲ್‌ಗಳಲ್ಲಿ ಕೂತಿದೆ ಅಂತಲೇ ಗೊತ್ತಿಲ್ಲದಿದ್ರೆ ಅಳಿಸೋದು ಹೇಗೆ? 2018ರಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್‌ನ 30ನೇ ವಿಧಿ, ವೈಯಕ್ತಿಕ ಡೇಟಾ ಬಳಕೆಯ ದಾಖಲೆ ಇಡಬೇಕು ಅನ್ನುತ್ತೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯ 11ನೇ ಸೆಕ್ಷನ್, ಒಪ್ಪಿಗೆ ಕೊಟ್ಟವರಿಗೆ ತಮ್ಮ ಡೇಟಾ ಯಾರ ಜೊತೆ ಹಂಚಿಕೆಯಾಗಿದೆ ಅಂತ ತಿಳಿಯೋ ಹಕ್ಕು ಕೊಡುತ್ತೆ. ಕ್ಯಾಟಲಾಗ್ ಇಲ್ಲದ ಸಂಸ್ಥೆ ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡೋದು ಕಷ್ಟ.

ರಾಜಕೀಯ ಎಲ್ಲಿದೆ?

ಕರ್ನಾಟಕದ 'ಕುಟುಂಬ' ಡೇಟಾಬೇಸ್ ನೋಡಿ. ರೇಷನ್ ಕಾರ್ಡ್ ಮಾಹಿತಿ ಆಧರಿಸಿದ ಇದನ್ನು ಯೋಜನೆಗಳ ಅರ್ಹತೆ ನಿರ್ಧರಿಸಲು ಬಳಸ್ತಾರೆ. ಮೂಲದಲ್ಲಿ ಒಂದು ತಪ್ಪು ಇದ್ರೆ ಅದು ಪಿಂಚಣಿವರೆಗೂ ಹರಿಯಬಹುದು. ಆಗ ಅಜ್ಜಿಯೊಬ್ಬರು ಯಾವ ಕಚೇರಿಯ ಬಾಗಿಲು ತಟ್ಟಬೇಕು? ಪ್ರತಿ ಕಾಲಂಗೂ ಒಬ್ಬ ಹೊಣೆಗಾರರನ್ನು ಗೊತ್ತುಮಾಡಿದ ಕ್ಯಾಟಲಾಗ್ ಇದ್ರೆ ಇದಕ್ಕೆ ಉತ್ತರ ಸಿಗುತ್ತೆ.

ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಒಂದಂತೂ ಸ್ಪಷ್ಟ: ಸಾಫ್ಟ್‌ವೇರ್ ಕೊಂಡ ಮಾತ್ರಕ್ಕೆ ಕ್ಯಾಟಲಾಗ್ ಆಗಲ್ಲ. ಅದನ್ನು ಅಪ್‌ಡೇಟ್ ಮಾಡೋದು ಯಾರದ್ದಾದ್ರೂ ಕೆಲಸ ಆಗಿರಬೇಕು. ಇಲ್ಲಾಂದ್ರೆ ಆರೇ ತಿಂಗಳಲ್ಲಿ ಹಳಸುತ್ತೆ.

ಪಟ್ಟಿ ಬಹಿರಂಗವಾದ್ರೆ ಖಾಸಗಿತನ ಹೋಗುತ್ತೆ ಅನ್ನೋ ವಾದ ನಿಲ್ಲಲ್ಲ. 'ಜಾತಿ ಅನ್ನೋ ಕಾಲಂ ಇದೆ' ಅಂತ ಹೇಳೋದು ಬೇರೆ, ನಿಮ್ಮ ಜಾತಿ ಹೇಳೋದು ಬೇರೆ.

ನಾವೇನು ಮಾಡಬಹುದು?

2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಪ್ರಕಾರ ದಾಖಲೆಗಳನ್ನು ಸೂಚೀಕರಿಸಿ ಇಡೋದು ಪ್ರತಿ ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. 10 ರೂಪಾಯಿ ಶುಲ್ಕ ಸಾಕು, ಕಾರಣ ಹೇಳಬೇಕಿಲ್ಲ. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದದ ಮಿತಿ. ಒಂದು ಇಲಾಖೆ ಆರಿಸಿಕೊಂಡು ಮೂರು ಪ್ರಶ್ನೆ ಕೇಳಿ: ಯಾವ ಡೇಟಾಬೇಸ್‌ಗಳಿವೆ, ಪ್ರತಿಯೊಂದಕ್ಕೂ ಹೊಣೆ ಯಾರು, ಯಾರ ಜೊತೆ ಹಂಚಿಕೊಂಡಿದ್ದೀರಿ?