ಬೀಜ ತೆಗೆಯದ ಒಂದು ಆಲಿವ್

ಬೆಳ್ಳನೆಯ ತಟ್ಟೆಯ ಮೇಲೆ ಒಂದೇ ಒಂದು ಆಲಿವ್ ಕಾಯಿ. ಜೊತೆಗಿರುವ ಸಾಲುಗಳನ್ನು ಓದದಿದ್ದರೆ ಯಾವುದೋ ದುಬಾರಿ ಹೋಟೆಲಿನ ಜಾಹೀರಾತು ಎಂದುಕೊಳ್ಳಬಹುದು. 1963ರ ಮಾರ್ಚ್ 15ರಂದು ಅಮೆರಿಕದ ಅಯೋವಾ ರಾಜ್ಯದ ಸೆರೆಮನೆಯಲ್ಲಿ ನೇಣಿಗೇರಿದ ವಿಕ್ಟರ್ ಫೆಗ್ಯೂರ್ ಕೇಳಿದ್ದ ಕೊನೆಯ ಊಟ ಅದು. ವೈದ್ಯರೊಬ್ಬರನ್ನು ಅಪಹರಿಸಿ ಕೊಂದವನು ಆತ. ಬೀಜ ತೆಗೆಯದ ಒಂದು ಆಲಿವ್ ಸಾಕು ಎಂದಿದ್ದ.

ಚಿತ್ರ ತೆಗೆದವರು ನ್ಯೂಜಿಲೆಂಡ್ ಮೂಲದ, ನ್ಯೂಯಾರ್ಕಿನಲ್ಲಿ ನೆಲೆಸಿರುವ ಛಾಯಾಗ್ರಾಹಕ ಹೆನ್ರಿ ಹಾರ್‌ಗ್ರೀವ್ಸ್. ಸರಣಿಯ ಹೆಸರು ‘ನೋ ಸೆಕೆಂಡ್ಸ್’. ಇನ್ನೊಮ್ಮೆ ಬಡಿಸುವುದಿಲ್ಲ ಎಂದರ್ಥ. ಮರಣದಂಡನೆಗೆ ಗುರಿಯಾದವರು ಕೇಳಿದ್ದ ಊಟವನ್ನು ಮತ್ತೆ ಅಣಿಗೊಳಿಸಿ, ನೇರ ಮೇಲಿನಿಂದ ತೆಗೆದ ಚಿತ್ರಗಳಿವು. ಹೆಸರು, ವಯಸ್ಸು, ಅಪರಾಧ, ಕೊಂದ ವಿಧಾನ ಬರಹದಲ್ಲಿವೆ. ಮುಖ ಮಾತ್ರ ಎಲ್ಲೂ ಇಲ್ಲ.

ಅವರನ್ನು ಈ ಕೆಲಸಕ್ಕೆ ಹಚ್ಚಿದ್ದು ಟೆಕ್ಸಾಸಿನ ಒಂದು ತೀರ್ಮಾನ. 1998ರಲ್ಲಿ ಅಲ್ಲಿನ ಜಾಸ್ಪರ್ ಊರಿನಲ್ಲಿ ಜೇಮ್ಸ್ ಬರ್ಡ್ ಎಂಬ ಕಪ್ಪು ವರ್ಣೀಯನನ್ನು ಮೂವರು ಬಿಳಿಯರು ಟ್ರಕ್ಕಿಗೆ ಕಟ್ಟಿ ಎಳೆದು ಕೊಂದಿದ್ದರು. ಅವರಲ್ಲೊಬ್ಬ ಲಾರೆನ್ಸ್ ಬ್ರೂವರ್. 2011ರ ಸೆಪ್ಟೆಂಬರ್ 21ರಂದು, ಸಾಯುವ ಮುನ್ನ, ಹುರಿದ ಬೆಂಡೆಕಾಯಿ, ಪಿಜ್ಜಾ, ಬರ್ಗರ್, ಐಸ್‌ಕ್ರೀಮ್ ಎಂದು ಉದ್ದದ ಪಟ್ಟಿಯನ್ನೇ ಕೊಟ್ಟು, ಒಂದು ತುತ್ತೂ ಮುಟ್ಟಲಿಲ್ಲ. ಸೆನೆಟರ್ ಜಾನ್ ವಿಟ್ಮೈರ್ ಸಿಟ್ಟಿಗೆದ್ದರು. ಮರುದಿನವೇ ಟೆಕ್ಸಾಸ್ ಈ ಪದ್ಧತಿಯನ್ನು ಕೈಬಿಟ್ಟಿತು. ಆಮೇಲಿನವರಿಗೆಲ್ಲ ಸೆರೆಮನೆಯ ಮಾಮೂಲಿ ಊಟವೇ.

ಆ ಸಿಟ್ಟು ಸುಳ್ಳಲ್ಲ. ಕೊನೆಗೆ ಏನು ತಿನ್ನುತ್ತೀಯ ಎಂದು ಬರ್ಡ್‌ನನ್ನು ಯಾರೂ ಕೇಳಿರಲಿಲ್ಲ. ತಟ್ಟೆಯ ಚಿತ್ರ ನೋಡಿ ಮರುಗುವವರು ಈ ಮಾತನ್ನು ದಾಟಿ ಹೋಗುವಂತಿಲ್ಲ. ಅಪರಾಧವೂ ಅಲ್ಲೇ ಬರೆದಿರುವುದರಿಂದ ಈ ಚಿತ್ರಗಳೂ ದಾಟಗೊಡುವುದಿಲ್ಲ.

ಇನ್ನೊಂದು ತಕರಾರು ಚರಿತ್ರೆಯದು. ಇವು ನಿಜವಾದ ಊಟಗಳಲ್ಲ, ಸ್ಟುಡಿಯೋದಲ್ಲಿ ಹೊಂದಿಸಿದವು. ಹಂಟ್ಸ್‌ವಿಲ್ ಸೆರೆಮನೆಯಲ್ಲಿ ಕೈದಿಯಾಗಿದ್ದುಕೊಂಡೇ 200ಕ್ಕೂ ಹೆಚ್ಚು ಕೊನೆಯ ಊಟ ಬೇಯಿಸಿದ ಬ್ರಯಾನ್ ಪ್ರೈಸ್ ಹೇಳುವಂತೆ, ಕೇಳಿದ್ದೆಲ್ಲ ಸಿಗುತ್ತಿರಲಿಲ್ಲ, ಅಡುಗೆಮನೆಯಲ್ಲಿ ಇದ್ದದ್ದರಲ್ಲೇ ಸರಿದೂಗಿಸಬೇಕಿತ್ತು. ಹಾಗಾಗಿ ಈ ಚಿತ್ರಗಳು ಅವರು ಉಂಡದ್ದಕ್ಕೆ ಸಾಕ್ಷಿಯಲ್ಲ, ಬಯಸಿದ್ದಕ್ಕೆ ಸಾಕ್ಷಿ. ಬಯಕೆಯಾದರೋ ತೀರಾ ಸಾದಾ: ಕರಿದ ಕೋಳಿ, ಬಟಾಣಿ, ಐಸ್‌ಕ್ರೀಮ್.

ಪೊಲೀಸರು ತೆಗೆದ ಮುಖದ ಚಿತ್ರ ನೋಡುವಾಗ ನಾವು ಅದರಲ್ಲಿ ಕೊಲೆಗಾರನನ್ನು ಹುಡುಕುತ್ತೇವೆ, ಹುಡುಕಿದ್ದು ಸಿಕ್ಕಿಯೂ ಬಿಡುತ್ತದೆ. ತಟ್ಟೆಯಲ್ಲಿ ಹಾಗೆ ಹುಡುಕಲು ಏನೂ ಇಲ್ಲ. ಅಲ್ಲಿರುವುದು ನಮಗೂ ಗೊತ್ತಿರುವ ಹಸಿವು. ಸತ್ತವರನ್ನು ಕುರಿತು ನಮ್ಮಲ್ಲಿ ಅನ್ನದ ಋಣ ತೀರಿತು ಎನ್ನುತ್ತಾರೆ. ಇಲ್ಲಿ ಆ ಋಣ ತೀರುವ ಗಂಟೆಯನ್ನು ಸರ್ಕಾರ ಗೊತ್ತುಮಾಡಿದೆ, ಅಷ್ಟೇ ವ್ಯತ್ಯಾಸ.

ಸರಣಿಯಲ್ಲಿ ರಿಕಿ ರೇ ರೆಕ್ಟರ್‌ನ ತಟ್ಟೆಯೂ ಇದೆ. ಪೊಲೀಸ್ ಅಧಿಕಾರಿಯನ್ನು ಕೊಂದು, ತನ್ನ ತಲೆಗೂ ಗುಂಡು ಹೊಡೆದುಕೊಂಡು, ಮೆದುಳಿಗೆ ತೀವ್ರ ಹಾನಿಯಾಗಿ ಬದುಕುಳಿದವನು. 1992ರ ಜನವರಿಯಲ್ಲಿ ಅರ್ಕನ್ಸಾ ರಾಜ್ಯ ಅವನಿಗೆ ವಿಷದ ಚುಚ್ಚುಮದ್ದು ಕೊಟ್ಟಿತು. ಊಟದ ಜೊತೆ ಬಂದ ಸಿಹಿ ಪೈಯನ್ನು ಅವನು ತಿನ್ನದೆ ಎತ್ತಿಟ್ಟಿದ್ದ. ಆಮೇಲೆ ತಿನ್ನಲು.