ಹಿಟ್ಟಿನ ಕೋಳಿಯೂ ಹಂದಿಯ ಹೃದಯವೂ

ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಅರಸನು ನವಿಲಾಗಿಯೂ ಅವನ ತಾಯಿ ನಾಯಿಯಾಗಿಯೂ ಜನಿಸುತ್ತಾರೆ. ಸಂಕಲ್ಪಹಿಂಸೆಯೂ ಹಿಂಸೆಯೇ; ಮನುಷ್ಯ–ಪ್ರಾಣಿಗಳ ನಡುವಣ ಗೆರೆ ದೇಹದ್ದು, ಜೀವದ್ದಲ್ಲ.

ಆ ಗೆರೆಯನ್ನು ಇಂದು ವಿಜ್ಞಾನವೂ ದಾಟುತ್ತಿದೆ. ಮಂಗಗಳ ಭ್ರೂಣದಲ್ಲಿ ಮಾನವ ಕಾಂಡಕೋಶಗಳನ್ನು ಬೆಳೆಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. 2022ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ, ಆರು ಮಾನವ ಜೀನುಗಳನ್ನು ಸೇರಿಸಿದ ಹಂದಿಯ ಹೃದಯವನ್ನು ರೋಗಿಯೊಬ್ಬನಿಗೆ ಜೋಡಿಸಲಾಯಿತು. ಆತನು ಎರಡು ತಿಂಗಳು ಬದುಕಿದನು. ಮಾನವ ಕಾಂಡಕೋಶ ಸೇರಿಸಿದ ಪ್ರಾಣಿಗಳಿಂದ ಸಂತಾನ ಪಡೆಯುವುದನ್ನು ಭಾರತದ 2017ರ ಮಾರ್ಗಸೂಚಿ ನಿಷೇಧಿಸಿದೆ.

ರೋಗಿಯ ಮೇಲಿನ ಕರುಣೆ ಧರ್ಮವೇ ಸರಿ. ಆದರೆ ಕೊಲ್ಲುವುದಕ್ಕೆಂದೇ ಪಂಚೇಂದ್ರಿಯ ಜೀವವೊಂದನ್ನು ರೂಪಿಸುವುದು ಸಂಕಲ್ಪವಲ್ಲದೆ ಮತ್ತೇನು? ನಾಳೆ ಹಳಿಯಾಳದ ಶ್ರಾವಕನ ಮನೆಗೂ ಈ ಪ್ರಶ್ನೆ ಆಸ್ಪತ್ರೆಯಿಂದ ಬಂದೀತು. ಉತ್ತರವನ್ನು ಇಂದೇ ಚಿಂತಿಸುವುದು ವಿವೇಕ.